ಇಂಕು ರಬ್ಬರು

ಮಂಡ್ಯದ ಬೆಲ್ಲದ ಯಾರ್ಡಿನಲ್ಲಿ ಇಪ್ಪತ್ತಾರು ವರ್ಷ
ತೂಕ ಬರೆದಿದ್ದೇನೆ.
ಕಿರುಬೆರಳಿಗೆ ಸದಾ ಅಂಟು, ಹಾಳೆಗೂ ಅಂಟು.
ಇರುವೆಗಳು ಜಮೆಯ ಕಾಲಮ್ಮಿನಿಂದ ಖರ್ಚಿಗೆ
ಯಾರ ರುಜುವೂ ಇಲ್ಲದೆ ದಾಟುತ್ತವೆ.

ಕಳೆದ ಮಂಗಳವಾರ ಮೈಸೂರಿಂದ ಅಫ್ರೀನ್ ಮೇಡಮ್ಮು ಬಂದರು.
ಹರಾಜುಕಟ್ಟೆಯ ಗೋಡೆಗೆ ಬಿಳಿ ಪಂಚೆ ಬಿಗಿದು ಚಿತ್ರ ಬಿಟ್ಟರು:
ಒಂದು ಪೆಟ್ಟಿಗೆ, ಅದರ ಸೆರಗು ಹಿಡಿದು ಇನ್ನೊಂದು,
ಅದರ ಸೆರಗು ಹಿಡಿದು ಮತ್ತೊಂದು.
ಬ್ಲಾಕ್‌ಚೈನ್ ಅಂದರು.
ಬರೆದ ತೂಕ ಹನ್ನೊಂದು ಕಡೆ ಒಟ್ಟಿಗೆ ಕೂರುತ್ತದಂತೆ,
ಒಂದನ್ನು ತಿದ್ದಿದರೆ ಉಳಿದ ಹತ್ತೂ
ಊರಿಗೆಲ್ಲ ಕೇಳುವಂತೆ ಬಾಯಿ ಬಡಿದುಕೊಳ್ಳುತ್ತವಂತೆ.
ಅಳಿಸುವ ಮಾತೇ ಇಲ್ಲ.

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.
ನಾನು ಜೇಬು ಮುಟ್ಟಿ ನೋಡಿಕೊಂಡೆ:
ಅರ್ಧ ಕೆಂಪು, ಅರ್ಧ ನೀಲಿ, ಇಂಕು ರಬ್ಬರು.

ಆಮೇಲೆ ಒಂದು ಹಾಳೆ ಹಂಚಿದರು.
ಇದು ನಿಮ್ಮ ಕೆಲಸಕ್ಕೆ ಉಪಯೋಗವೇ? ಕಲಿಯಲು ಸುಲಭವೇ?
ನಿಮ್ಮ ಮೇಲಿನವರು ಬಯಸುತ್ತಾರೆಯೇ?
ಪ್ರತಿಯೊಂದಕ್ಕೂ ಐದು ಪುಟ್ಟ ಸೊನ್ನೆ,
'ಪೂರ್ತಿ ಒಪ್ಪುತ್ತೇನೆ'ಯಿಂದ 'ಒಪ್ಪುವುದೇ ಇಲ್ಲ'ದವರೆಗೆ.
ಒಂದನ್ನು ತುಂಬಿ ನಾಳೆ ಕೊಡಿ ಅಂದರು.

ದಲಾಲಿ ಬೋರಲಿಂಗಣ್ಣ ಅಲ್ಲೇ ಎಲ್ಲದಕ್ಕೂ ಪೂರ್ತಿ ಒಪ್ಪಿ
ಹೊರಗೆ ಬಂದು ಎಲೆಯಡಿಕೆ ಉಗಿದ:
'ಎರಡು ಪುಸ್ತಕ ಮಡಗೋನ್ಗೆ ಹನ್ನೊಂದು ಯಾವ ಲೆಕ್ಕ, ಬುಡು.'
ಕಾರ್ಯದರ್ಶಿ ಒಪ್ಪಿದ್ದು ಸುತ್ತೋಲೆಗೆ,
ಮದ್ದೂರಿನವರು ಆಗಲೇ ಶುರು ಮಾಡಿದರಂತೆ ಎಂಬ ಉರಿಗೆ.
ಬಿಲ್ಲು ಹರಿಯುವ ಹುಡುಗ ಯತಿರಾಜ
ಒಪ್ಪಿದ್ದು ಹೊಸ ಟ್ಯಾಬಿಗೆ.
ಹಮಾಲಿ ದ್ಯಾವಯ್ಯನಿಗೆ ಹಾಳೆಯನ್ನೇ ಕೊಡಲಿಲ್ಲ.

ನಾನು 'ಗೊತ್ತಿಲ್ಲ'ದ ಮೇಲೆ ಪೆನ್ನಿಟ್ಟು ಕೂತೆ.
ಗೊತ್ತಿತ್ತು.

ಮೂರನ್ನು ಎಂಟು ಮಾಡುವುದು ಬಲು ಸುಲಭ,
ಎದುರಿಗೆ ಇನ್ನೊಂದು ಮೂರನ್ನು ತಿರುಗಿಸಿ ಕೂರಿಸಿದರಾಯಿತು.
ಗುಡಿಸುವ ಚಲುವಾಜಮ್ಮನ ಇಪ್ಪತ್ತಮೂರು ದಿನ ಹಾಜರಿಯನ್ನು
ಮಗಳ ಬಾಣಂತನದ ತಿಂಗಳು ಇಪ್ಪತ್ತೆಂಟು ಮಾಡಿದವನು ನಾನೇ.
ಎಂಟನ್ನು ಮೂರು ಮಾಡುವುದಕ್ಕೆ ರಬ್ಬರು ಬೇಕು,
ನೀಲಿ ಬದಿ, ಸ್ವಲ್ಪ ಎಂಜಲು, ಹಾಳೆ ತೂತಾಗದ ಹಾಗೆ.
ಬೋರಲಿಂಗಣ್ಣ ಕಣ್ಣು ಮಿಟುಕಿಸಿದ ಒಂದು ಸಂಜೆ
ದ್ಯಾವಯ್ಯ ಹೊತ್ತ ಎಂಬತ್ತಮೂರು ಮೂಟೆ
ಮೂವತ್ತಮೂರಾಯಿತು.

ಓದು ಬಾರದ ದ್ಯಾವಯ್ಯ ಟವೆಲ್ಲಿನ ಗಂಟು ಬಿಚ್ಚಿ
ಹುಣಸೆಬೀಜ ಸುರಿದಿದ್ದ, ಮೂಟೆಗೊಂದರಂತೆ.
ನನ್ನ ಮೇಜಿನ ಮೇಲೇ ಎಣಿಸಿದ.
'ಪುಸ್ತಕದಲ್ಲಿ ಮೂವತ್ತಮೂರಿದೆ' ಅಂದೆ.
ಬೀಜಗಳನ್ನು ಒಂದೊಂದೇ ಹೆಕ್ಕಿ ಗಂಟು ಹಾಕಿಕೊಂಡು ಹೋದ.
ಒಂದು ಬೀಜ ಮೇಜಿನ ಸಂದಿಯಲ್ಲಿ ಉಳಿಯಿತು.
ಈಗಲೂ ಅಲ್ಲೇ ಇದೆ.

ಸಂಜೆ ಟೀ ಅಂಗಡಿಯಲ್ಲಿ ಅವನೇ ಕೇಳಿದ:
'ಅದ್ರಲ್ಲಿ ಬರ್ಯೋರ್ ಯಾರು?'
'ನಾನೇ ಕಣಪ್ಪ.'
'ಅಳ್ಸಕಾಗಲ್ವಾ?'
'ಆಗಲ್ಲ.'
'ಮೊದ್ಲೇ ಮೂವತ್ತಮೂರು ಅಂತ ಬರುದ್ಬುಟ್ರೆ?'
ಲೋಟದ ತಳದ ಸಕ್ಕರೆ ಅಲ್ಲಾಡಿಸಿದೆ.
'ಅದೇ ನಿಲ್ತದೆ. ಹನ್ನೊಂದು ಕಡೆ.'
ದ್ಯಾವಯ್ಯ ಬೀಡಿ ಹಚ್ಚಿದ.
'ಅಂಗಾರೆ ಸುಳ್ಗೂ ಸಾವಿಲ್ಲ ಅನ್ನು.'

ಅವನ ನಗುವಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.
ಎದ್ದು ಹೋಗುವಾಗ ಒಂದು ಮಾತು:
'ಹನ್ನೆರಡ್ನೇದು ಒಂದು ನಂಗೂ ಕೊಡ್ತಾರಾ, ಕೇಳು.'

ರಾತ್ರಿ ಹಾಳೆ ಹರವಿಕೊಂಡು ಕೂತೆ.
ಸೊನ್ನೆಗಳನ್ನೆಲ್ಲ ಹಾಗೆಯೇ ಬಿಟ್ಟು,
ಕೆಳಗೆ 'ಇತರೆ' ಎಂದಿದ್ದ ಗೇಣುದ್ದದ ಜಾಗದಲ್ಲಿ ಬರೆದೆ,
'ಹಮಾಲಿಗಳಿಗೂ ಒಂದು ಪ್ರತಿ.
ಬೀಜದ ಲೆಕ್ಕ ಕೂಡಿದ ಮೇಲೆಯೇ ಪೆಟ್ಟಿಗೆ ಮುಚ್ಚತಕ್ಕದ್ದು.'
ಮೊದಲು ಪೆನ್ಸಿಲ್ಲಿನಲ್ಲಿ.
ಲೈಟು ಆರಿಸಿ ಮಲಗಿ, ಮತ್ತೆ ಎದ್ದು,
ಅದರ ಮೇಲೆಯೇ ಇಂಕಿನಲ್ಲಿ.

ರಬ್ಬರು ಎಸೆದಿಲ್ಲ.
ಚಲುವಾಜಮ್ಮನ ಕಿರಿಮಗಳಿಗೆ ಈಗ ಏಳು ತಿಂಗಳು.